ತಲಾ ವರಮಾನದ ಕಥೆ: ನವರೋಜಿಯಿಂದ ಸಂಡೂರಿನವರೆಗೆ

ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ಎರಡು ಅಂಕಗಳ ಪ್ರಶ್ನೆಯೊಂದು ಆಗಾಗ ತಲೆ ಹಾಕುತ್ತಿತ್ತು: ಆರ್ಥಿಕ ಬೆಳವಣಿಗೆಗೂ ಆರ್ಥಿಕ ಅಭಿವೃದ್ಧಿಗೂ ಇರುವ ವ್ಯತ್ಯಾಸವೇನು? ನಿಮ್ಮಲ್ಲಿ ಬಹುತೇಕರು ಇದಕ್ಕೆ ಉತ್ತರವನ್ನು ಉರು ಹೊಡೆದು ಬರೆದು ಎರಡಕ್ಕೆ ಎರಡು ಅಂಕ ಪಡೆದವರೇ. ದೇಶದ ನೈಜ ಉತ್ಪಾದನೆ ವರ್ಷದಿಂದ ವರ್ಷಕ್ಕೆ ಹೆಚ್ಚುವುದು ಬೆಳವಣಿಗೆ. ಅದರೊಂದಿಗೆ ಜನರ ಆರೋಗ್ಯ, ಶಿಕ್ಷಣ, ಜೀವನಮಟ್ಟಗಳು ಸುಧಾರಿಸುವುದು ಅಭಿವೃದ್ಧಿ. ಪರೀಕ್ಷೆಗೆ ಇಷ್ಟು ಸಾಕಾಗಿತ್ತು.

ಈಗ ಬೆಂಗಳೂರಿನಲ್ಲಿ ಒಳ್ಳೆಯ ಹುದ್ದೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಎರಡು ಸುದ್ದಿಗಳನ್ನು ಒಟ್ಟಿಗೆ ಕಳುಹಿಸಿದ್ದ. ಒಟ್ಟು ಉತ್ಪನ್ನದ ಗಾತ್ರದಲ್ಲಿ ಭಾರತವು ಜಗತ್ತಿನ ಮೊದಲ ಕೆಲವೇ ದೇಶಗಳ ಸಾಲಿಗೆ ಸೇರಿದೆ ಎಂಬುದು ಒಂದು. ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯಲ್ಲಿ 193 ದೇಶಗಳ ಪೈಕಿ ನಮ್ಮದು 130ನೆಯ ಸ್ಥಾನ ಎಂಬುದು ಇನ್ನೊಂದು. "ಸರ್, ಇವೆರಡರಲ್ಲಿ ಯಾವುದನ್ನು ನಂಬಬೇಕು?" ಎಂದು ಕೇಳಿದ್ದಾನೆ. ಎರಡನ್ನೂ ನಂಬಬಹುದು, ಎರಡೂ ನಿಜವೇ. ಒಂದೊಂದು ಅಂಕಿಯೂ ಒಂದೊಂದು ಪ್ರಶ್ನೆಗೆ ಉತ್ತರ, ಅಷ್ಟೆ. ಆ ಪ್ರಶ್ನೆಗಳನ್ನು ಕೇಳಿದವರು ಯಾರು, ಯಾವ ಸಂದರ್ಭದಲ್ಲಿ ಕೇಳಿದರು ಎಂಬುದನ್ನು ಅರಿತರೆ ಗೊಂದಲ ತಾನಾಗಿಯೇ ಕಡಿಮೆಯಾಗುತ್ತದೆ. ಪಠ್ಯಪುಸ್ತಕದಲ್ಲಿ ಅರ್ಧ ಪುಟಕ್ಕೆ ಇಳಿದುಹೋಗಿದ್ದ ಆ ಇತಿಹಾಸವನ್ನು ಇಲ್ಲಿ ಕೊಂಚ ಬಿಡಿಸಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಈ ಲೆಕ್ಕವನ್ನು ಮೊದಲು ಹಾಕಿದವರು ದಾದಾಭಾಯಿ ನವರೋಜಿ. ಅವರು ವೃತ್ತಿಯಿಂದ ಮೊದಲು ಅಧ್ಯಾಪಕರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. (ಉಪಾಧ್ಯಾಯ ಕುಲಕ್ಕೆ ಇದೊಂದು ಹೆಮ್ಮೆ. ನನ್ನ ಗಣಿತದ ಸಹೋದ್ಯೋಗಿಗಳಿಗೆ ಇದನ್ನು ಆಗಾಗ ನೆನಪಿಸುತ್ತಿದ್ದೆ.) ಬ್ರಿಟಿಷ್ ಆಡಳಿತದಿಂದ ಭಾರತ ಸಮೃದ್ಧವಾಗುತ್ತಿದೆ ಎಂದು ಅಧಿಕಾರಿಗಳು ಹೇಳುತ್ತಿದ್ದ ಕಾಲವದು. ನವರೋಜಿಯವರು ಭಾಷಣದಿಂದ ಉತ್ತರ ಕೊಡುವುದರ ಬದಲು ಸರ್ಕಾರದ್ದೇ ವರದಿಗಳನ್ನು ಮುಂದಿಟ್ಟುಕೊಂಡು ಕುಳಿತರು. ಯಾವ ಪ್ರಾಂತದಲ್ಲಿ ಎಷ್ಟು ಎಕರೆಯಲ್ಲಿ ಬೆಳೆ, ಎಕರೆಗೆ ಎಷ್ಟು ಇಳುವರಿ, ಪೇಟೆಯ ಧಾರಣೆ ಏನು ಎಂದು ಗುಣಿಸಿ, ಕೂಡಿಸಿ, 1867-68ರಲ್ಲಿ ಬ್ರಿಟಿಷ್ ಭಾರತದ ತಲಾ ವರಮಾನ ವರ್ಷಕ್ಕೆ ಸುಮಾರು 20 ರೂಪಾಯಿ ಎಂದು ತೋರಿಸಿದರು. ಈ ವಿಚಾರಗಳನ್ನು 1876ರಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಷನ್ನಿನ ಮುಂಬಯಿ ಶಾಖೆಯಲ್ಲಿ ಭಾರತದ ಬಡತನವನ್ನು ಕುರಿತ ತಮ್ಮ ಪ್ರಬಂಧದಲ್ಲಿ ವಿಸ್ತಾರವಾಗಿ ಮಂಡಿಸಿದರು.

20 ರೂಪಾಯಿ ಎಂದರೆ ಹೆಚ್ಚೋ ಕಡಿಮೆಯೋ? ಬರಿಯ ಅಂಕಿ ಅದನ್ನು ಹೇಳದು. ನವರೋಜಿಯವರ ನಿಜವಾದ ಜಾಣ್ಮೆ ಕಾಣುವುದು ಇಲ್ಲಿಯೇ. ಅವರು ಸೆರೆಮನೆಯ ಊಟದ ಪಟ್ಟಿಯನ್ನು ತೆಗೆದುಕೊಂಡರು. ಕೈದಿಗೆ ಸರ್ಕಾರವೇ ಅಳೆದು ಕೊಡುವ ಅನ್ನ, ಬೇಳೆ, ಉಪ್ಪು, ಬಟ್ಟೆಗಳಿಗೆ ವರ್ಷಕ್ಕೆ ತಗಲುವ ವೆಚ್ಚವೆಷ್ಟು ಎಂದು ಪ್ರಾಂತವಾರು ಲೆಕ್ಕಿಸಿದರು. ಮದ್ರಾಸ್ ಪ್ರಾಂತದಲ್ಲಿ ತಲಾ ಉತ್ಪಾದನೆ 18 ರೂಪಾಯಿ. ಕೈದಿಯೊಬ್ಬನ ಖರ್ಚು 53 ರೂಪಾಯಿ! ಸೆರೆಮನೆಯಲ್ಲಿ ಮಕ್ಕಳಿರುವುದಿಲ್ಲ, ಆದ್ದರಿಂದ ಈ ಹೋಲಿಕೆ ನ್ಯಾಯವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದಲ್ಲವೆ? ಅದಕ್ಕೂ ಅವರಲ್ಲಿ ಸಮಾಧಾನವಿತ್ತು. ಜನಸಂಖ್ಯೆಯ ಮೂರನೆಯ ಒಂದು ಭಾಗ ಮಕ್ಕಳು. ಅವರಲ್ಲಿ ಅರ್ಧದಷ್ಟು ಮಂದಿ ಹೆಚ್ಚೇನೂ ತಿನ್ನರು, ಉಳಿದ ಅರ್ಧ ದೊಡ್ಡವರ ಅರ್ಧ ಊಟ ಉಣ್ಣುವರು ಎಂದಿಟ್ಟುಕೊಂಡರೆ ಸರಾಸರಿ ವೆಚ್ಚ ಪೂರ್ಣ ಊಟದ ಮುಕ್ಕಾಲು ಪಾಲಾಗುತ್ತದೆ. ಹಾಗೆ ಇಳಿಸಿದರೂ ಮದ್ರಾಸಿನ ಪ್ರಜೆಗೆ ಕೈದಿಯ ತಟ್ಟೆ ನಿಲುಕುತ್ತಿರಲಿಲ್ಲ. ತಪ್ಪು ಮಾಡಿ ಒಳಗಿರುವವನಿಗೆ ಸಿಗುವಷ್ಟು ಅನ್ನ, ತಪ್ಪು ಮಾಡದೆ ಹೊರಗಿರುವವನಿಗೆ ಇಲ್ಲ. ಈ ಮಾತಿಗೆ ಯಾವ ಅಧಿಕಾರಿಯೂ ಸುಲಭವಾಗಿ ಉತ್ತರ ಹೇಳುವಂತಿರಲಿಲ್ಲ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ತಲಾ ವರಮಾನ ಎಂಬ ಅಂಕಿ ನಮ್ಮಲ್ಲಿ ಹುಟ್ಟಿದ್ದೇ ತಟ್ಟೆಯ ಅನ್ನದ ಪಕ್ಕದಲ್ಲಿ. ಹೋಲಿಸಿ ನೋಡಲು ಒಂದು ಊಟದ ಅಳತೆ ಇಲ್ಲದಿದ್ದರೆ ಆ 20 ರೂಪಾಯಿಗೆ ಅರ್ಥವೇ ಇಲ್ಲ ಎಂಬುದು ಅದನ್ನು ಕಂಡುಹಿಡಿದವರಿಗೆ ಗೊತ್ತಿತ್ತು.

ಆ ಪ್ರಬಂಧ ಓದಿದ ವರ್ಷವೇ ದಕ್ಷಿಣದಲ್ಲಿ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಕ್ಷಾಮವೆಂದು ಹೇಳುತ್ತಿದ್ದ 1876-78ರ ಭೀಕರ ಬರವದು. ಅಂದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷವನ್ನು ಮೀರಿತ್ತು. 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಬರಪರಿಹಾರದ ಕಾಮಗಾರಿಗಳಲ್ಲಿ ಕೂಲಿಯಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ, ಧಾನ್ಯ ಕೊಳ್ಳುವಷ್ಟು ಕೂಲಿ ಮತ್ತು ಪುಡಿಗಾಸು ಸಾಕೆಂದು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಗೊತ್ತುಮಾಡಿದ್ದನು. ಅನ್ನದ ಅಳತೆಯು ಅಂಕಿಸಂಖ್ಯೆಯ ವಿಷಯವಷ್ಟೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ಮುಂದೆ ಸರ್ಕಾರವೂ ತನ್ನ ಲೆಕ್ಕ ಹಾಕಿತು. 1882ರಲ್ಲಿ ಬೇರಿಂಗ್ ಮತ್ತು ಬಾರ್ಬರ್ ಎಂಬ ಇಬ್ಬರು ಅಧಿಕಾರಿಗಳು ತಲಾ ವರಮಾನ 27 ರೂಪಾಯಿ ಎಂದರು. 1901ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಅದು 30 ರೂಪಾಯಿಗೆ ಏರಿದೆಯೆಂದು ವಾದಿಸಿದನು. ಇಪ್ಪತ್ತು ವರ್ಷಗಳಲ್ಲಿ ಮೂರು ರೂಪಾಯಿ ಏರಿಕೆ: ನಮ್ಮ ದೇಶದಲ್ಲಿ ಬೆಳವಣಿಗೆಯ ಅಂಕಿಯನ್ನು ಆಳುವವರು ಸಾಧನೆಯೆಂದು ಮುಂದಿಟ್ಟ ಆರಂಭದ ಸಂದರ್ಭಗಳಲ್ಲಿ ಇದೊಂದು. ಆ ಇಪ್ಪತ್ತು ವರ್ಷಗಳ ಕೊನೆಯ ಭಾಗದಲ್ಲಿ 1896-97ರ ಕ್ಷಾಮವೂ 1899-1900ರ ಕ್ಷಾಮವೂ ಸೇರಿದ್ದವು. ವಿಲಿಯಂ ಡಿಗ್ಬಿ ಎಂಬ ಇಂಗ್ಲಿಷಿನವನೇ ಕರ್ಜನ್ನನ ಲೆಕ್ಕವನ್ನು ಒಪ್ಪದೆ, ತಲಾ ವರಮಾನ 20 ರೂಪಾಯಿಗೂ ಕಡಿಮೆ ಎಂದು ಅದೇ 1901ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ನವರೋಜಿಯವರ ಬರಹಗಳೂ ಆ ವರ್ಷವೇ ಪುಸ್ತಕರೂಪದಲ್ಲಿ ಬಂದವು.

ಈ ಜಗಳದಲ್ಲಿ ಎರಡು ಕಡೆಯವರ ಆಧಾರಗಳೂ ದುರ್ಬಲವಾಗಿದ್ದವು. ಇಳುವರಿಯ ಅಂಕಿ ಪಟವಾರಿಯ ಕಣ್ಣಂದಾಜು. ನೇಕಾರ, ಕುಂಬಾರ, ಗಾಣಿಗರ ಸಂಪಾದನೆಯ ಲೆಕ್ಕ ಯಾರಲ್ಲಿಯೂ ಇರಲಿಲ್ಲ. ಅದನ್ನು ಶಾಸ್ತ್ರೀಯವಾಗಿ ಮಾಡಿದ ಕೀರ್ತಿ ಡಾ. ವಿ.ಕೆ.ಆರ್.ವಿ. ರಾವ್ ಅವರಿಗೆ ಸಲ್ಲುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪದವಿಗಾಗಿ ಅವರು 1931-32ರ ಬ್ರಿಟಿಷ್ ಭಾರತದ ರಾಷ್ಟ್ರೀಯ ವರಮಾನವನ್ನು ಅಳೆದರು. ಬೇಸಾಯದಂಥ ಕಸುಬುಗಳಿಗೆ ಉತ್ಪಾದನೆಯ ಬೆಲೆ ಕಟ್ಟುವ ವಿಧಾನ, ವ್ಯಾಪಾರ ಮತ್ತು ನೌಕರಿಗಳಿಗೆ ಸಂಪಾದನೆಯನ್ನು ಕೂಡಿಸುವ ವಿಧಾನ ಎಂದು ಎರಡನ್ನೂ ಜೋಡಿಸಿ, ತಲಾ ವರಮಾನ 62 ರೂಪಾಯಿ ಎಂದು ಕಂಡುಕೊಂಡರು. ತಮ್ಮ ಲೆಕ್ಕ ಎಷ್ಟರ ಮಟ್ಟಿಗೆ ಆಚೀಚೆ ಇರಬಹುದು ಎಂಬುದನ್ನೂ ಅಂದಾಜು ಮಾಡಿ ಬರೆದರು. ಈ ಪ್ರಾಮಾಣಿಕತೆ ನನಗೆ ಆ 62ಕ್ಕಿಂತ ದೊಡ್ಡದೆನಿಸುತ್ತದೆ. ಸ್ವಾತಂತ್ರ್ಯಾನಂತರ 1949ರಲ್ಲಿ ಸರ್ಕಾರ ರಾಷ್ಟ್ರೀಯ ವರಮಾನ ಸಮಿತಿಯನ್ನು ನೇಮಿಸಿದಾಗ ಮಹಲನೋಬಿಸ್ ಅಧ್ಯಕ್ಷರು, ಡಿ.ಆರ್. ಗಾಡ್ಗೀಳ್ ಮತ್ತು ನಮ್ಮ ರಾವ್ ಸದಸ್ಯರು.

"ನಮ್ಮ ರಾವ್" ಎಂದುದಕ್ಕೆ ಕಾರಣವಿದೆ. ಅವರು 1967ರಲ್ಲಿಯೂ 1971ರಲ್ಲಿಯೂ ಲೋಕಸಭೆಗೆ ಆರಿಸಿ ಬಂದದ್ದು ಬಳ್ಳಾರಿ ಕ್ಷೇತ್ರದಿಂದ. 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಸಂಸ್ಥೆಯನ್ನು ಕಟ್ಟಿದವರೂ ಅವರೇ. ದೆಹಲಿಯಲ್ಲಿ ಹಿಂದೆ ಅವರು ಸ್ಥಾಪಿಸಿದ ಸಂಸ್ಥೆಯ ಹೆಸರಿನಲ್ಲಿ ಆರ್ಥಿಕ ಬೆಳವಣಿಗೆ ಎಂದಿತ್ತು. ಬೆಂಗಳೂರಿನದಕ್ಕೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಎಂದು ಹೆಸರಿಟ್ಟರು. ಜೀವನವಿಡೀ ವರಮಾನ ಅಳೆದವರು ಕೊನೆಗೆ "ಸಾಮಾಜಿಕ" ಎಂಬ ಪದವನ್ನು ಮುಂದಕ್ಕೆ ತಂದದ್ದು ಆಕಸ್ಮಿಕವಿರಲಾರದು ಎಂಬುದು ನನ್ನ ಊಹೆ.

ಅತ್ತ ಅಮೆರಿಕದಲ್ಲಿ ಇದೇ ಕಾಲಕ್ಕೆ ಮಹಾ ಆರ್ಥಿಕ ಕುಸಿತ. ದೇಶದ ಆದಾಯ ಎಷ್ಟು ಇಳಿದಿದೆ ಎಂಬುದನ್ನು ತಿಳಿಯಲು ಅಲ್ಲಿನ ಸೆನೆಟ್ ಬಯಸಿದಾಗ ಸೈಮನ್ ಕುಜ್ನೆಟ್ಸ್ ಎಂಬ ಅರ್ಥಶಾಸ್ತ್ರಜ್ಞ 1934ರಲ್ಲಿ ವರದಿ ಒಪ್ಪಿಸಿದರು. 1929ರಿಂದ 1932ರೊಳಗೆ ಆದಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆದರೆ ಆ ವರದಿಯಲ್ಲಿಯೇ ಅವರು ಒಂದು ಎಚ್ಚರಿಕೆಯನ್ನೂ ಬರೆದರು: ರಾಷ್ಟ್ರೀಯ ವರಮಾನದ ಅಳತೆಯಿಂದ ಜನರ ಕ್ಷೇಮವನ್ನು ಊಹಿಸಲು ಹೊರಡಬೇಡಿ ಎಂಬುದು ಅದರ ತಾತ್ಪರ್ಯ. (ಅದೇ 1934ರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಭಾರತಕ್ಕೊಂದು ಯೋಜಿತ ಆರ್ಥಿಕತೆ ಬೇಕೆಂದು ಗ್ರಂಥ ಬರೆದು, ಹತ್ತು ವರ್ಷಗಳಲ್ಲಿ ದೇಶದ ವರಮಾನವನ್ನು ಇಮ್ಮಡಿಗೊಳಿಸುವ ಗುರಿಯಿಟ್ಟರು.) ಎರಡನೆಯ ಮಹಾಯುದ್ಧದಲ್ಲಿ ಸರ್ಕಾರಗಳಿಗೆ ಬೇಕಾದದ್ದು ಎಷ್ಟು ಟ್ಯಾಂಕು, ಎಷ್ಟು ವಿಮಾನ ತಯಾರಿಸಬಹುದು ಎಂಬ ಲೆಕ್ಕ. ಅಂಕಿ ಉಳಿಯಿತು, ಎಚ್ಚರಿಕೆ ಹಿಂದೆ ಸರಿಯಿತು. ಇಂದು ನಾವು ಜಿಡಿಪಿ ಎನ್ನುವ ಒಟ್ಟು ದೇಶೀಯ ಉತ್ಪನ್ನ ಆ ವಂಶದ್ದೇ.

ಈ ಲೆಕ್ಕದಲ್ಲಿ ಏನು ಸೇರುತ್ತದೆ, ಏನು ಬಿಟ್ಟುಹೋಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಪಿಗೂ ಎಂಬ ಪ್ರಾಧ್ಯಾಪಕರು ಹೇಳಿದ ಉದಾಹರಣೆ ತರಗತಿಯಲ್ಲಿ ತಪ್ಪದೆ ನಗು ತರಿಸುತ್ತಿತ್ತು. ಒಬ್ಬಾತ ತನ್ನ ಮನೆಯ ಅಡುಗೆಯಾಕೆಯನ್ನೇ ಮದುವೆಯಾದರೆ ದೇಶದ ವರಮಾನ ಕಡಿಮೆಯಾಗುತ್ತದೆ! ಅದೇ ಅಡುಗೆ, ಅದೇ ಕೈ. ಸಂಬಳ ಮಾತ್ರ ನಿಂತಿತು. ನಮ್ಮಲ್ಲಿ ರೈತನು ಬೆಳೆದು ಮನೆಯಲ್ಲೇ ಉಂಡ ರಾಗಿಗೂ ಬೆಲೆ ಕಟ್ಟಿ ಲೆಕ್ಕಕ್ಕೆ ಸೇರಿಸುತ್ತಾರೆ. ಆ ರಾಗಿಯನ್ನು ಹಸನು ಮಾಡಿ, ನೀರು ಹೊತ್ತು ತಂದು, ಸೌದೆ ಉರಿಸಿ ಮುದ್ದೆ ತೊಳಸಿದವಳ ದುಡಿಮೆಗೆ ಮಾತ್ರ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ. ಹುಡುಗರು ನಗುತ್ತಿದ್ದರು, ಹಿಂದಿನ ಬೆಂಚಿನ ಹೆಣ್ಣುಮಕ್ಕಳು ಅಷ್ಟಾಗಿ ನಗುತ್ತಿರಲಿಲ್ಲ.

ಬೆಳವಣಿಗೆ ಮತ್ತು ಅಭಿವೃದ್ಧಿಯ ಭೇದವನ್ನು ಅತ್ಯಂತ ದುಬಾರಿಯಾಗಿ ಕಲಿತ ದೇಶವೆಂದರೆ ಪಾಕಿಸ್ತಾನ. 1960ರ ದಶಕದಲ್ಲಿ ಅದರ ಬೆಳವಣಿಗೆಯ ದರ ನಮ್ಮದಕ್ಕಿಂತ ಎಷ್ಟೋ ಹೆಚ್ಚು, ವರ್ಷಕ್ಕೆ ಶೇಕಡ 6ಕ್ಕೂ ಮೇಲೆ. ವಿದೇಶೀ ತಜ್ಞರು ಅದನ್ನು ಮಾದರಿ ಎಂದು ಹೊಗಳುತ್ತಿದ್ದರು. 1968ರಲ್ಲಿ ಅಧ್ಯಕ್ಷ ಅಯೂಬ್ ಖಾನರ ಸರ್ಕಾರ ತನ್ನ ಹತ್ತು ವರ್ಷಗಳನ್ನು "ಅಭಿವೃದ್ಧಿಯ ದಶಕ" ಎಂದು ಅದ್ದೂರಿಯಾಗಿ ಆಚರಿಸಿತು. ಗಮನಿಸಿ, ಅವರು ಅಳೆದದ್ದು ಬೆಳವಣಿಗೆಯನ್ನು, ಇಟ್ಟ ಹೆಸರು ಅಭಿವೃದ್ಧಿಯೆಂದು. ಅದೇ ವರ್ಷ ಅಲ್ಲಿನ ಯೋಜನಾ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞ, ಮೂವತ್ತರ ಹರೆಯದ ಮಹಬೂಬ್ ಉಲ್ ಹಕ್, ಕರಾಚಿಯ ಭಾಷಣವೊಂದರಲ್ಲಿ ದೇಶದ ಕೈಗಾರಿಕಾ ಸಂಪತ್ತಿನ ಮೂರನೆಯ ಎರಡು ಭಾಗ ಮತ್ತು ಬ್ಯಾಂಕಿಂಗಿನ ಐದನೆಯ ನಾಲ್ಕು ಭಾಗ ಕೇವಲ 22 ಕುಟುಂಬಗಳ ಹಿಡಿತದಲ್ಲಿದೆ ಎಂದುಬಿಟ್ಟರು. ಆ ಬೆಳವಣಿಗೆಯ ಯೋಜನೆಗಳನ್ನು ರೂಪಿಸಿದವರಲ್ಲಿ ಅವರೂ ಒಬ್ಬರು ಎಂಬುದರಿಂದ ಮಾತಿಗೆ ತೂಕ ಬಂದಿತು. ಬೀದಿಗಳಲ್ಲಿ "22 ಕುಟುಂಬಗಳು" ಎಂಬುದು ಘೋಷಣೆಯಾಯಿತು. 1969ರ ಮಾರ್ಚಿನಲ್ಲಿ ಅಯೂಬ್ ಅಧಿಕಾರ ಬಿಟ್ಟಿಳಿದರು. ಪೂರ್ವ ಮತ್ತು ಪಶ್ಚಿಮ ಭಾಗಗಳ ನಡುವೆ ಹಿಗ್ಗುತ್ತಿದ್ದ ಅಂತರವೂ ಸರಾಸರಿ ಅಂಕಿಯ ಹಿಂದೆ ಮರೆಯಾಗಿತ್ತು. 1971ರಲ್ಲಿ ದೇಶವೇ ಒಡೆಯಿತು. ಅದಕ್ಕೆ ಭಾಷೆ, ಸೈನ್ಯ, ಚುನಾವಣೆ ಎಂದು ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಢಾಕಾದ ಜನರ ದೂರುಗಳಲ್ಲಿ ಈ ಅಂತರ ದೊಡ್ಡದಾಗಿತ್ತು.

ಇದೇ ಹಕ್ ಅವರು 1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ಮೊದಲ ಮಾನವ ಅಭಿವೃದ್ಧಿ ವರದಿಯನ್ನು ಹೊರತಂದರು. ಕೇಂಬ್ರಿಜ್‌ನಲ್ಲಿ ಅವರ ಸಹಪಾಠಿಯಾಗಿದ್ದ ಅಮರ್ತ್ಯ ಸೆನ್ ಇದಕ್ಕೆ ನೆರವಾದರು. ಮನುಷ್ಯನ ಬದುಕನ್ನು ಒಂದೇ ಅಂಕಿಗೆ ಇಳಿಸುವುದು ಒರಟು ಕೆಲಸವೆಂದು ಸೆನ್ ಮೊದಲು ಹಿಂಜರಿದರಂತೆ. ಜಿಡಿಪಿಯಷ್ಟೇ ಒರಟಾದ, ಆದರೆ ಅದರಷ್ಟು ಕುರುಡಲ್ಲದ ಒಂದು ಅಂಕಿ ಇಲ್ಲದಿದ್ದರೆ ಯಾವ ಮಂತ್ರಿಯೂ ತಿರುಗಿ ನೋಡುವುದಿಲ್ಲ ಎಂದು ಹಕ್ ಒಪ್ಪಿಸಿದರು. ಆಯಸ್ಸು, ವಿದ್ಯೆ, ವರಮಾನ ಈ ಮೂರನ್ನು ಸೊನ್ನೆಯಿಂದ ಒಂದರ ನಡುವಿನ ಅಳತೆಗೆ ತಂದು ಸೇರಿಸಿದ್ದೇ ಮಾನವ ಅಭಿವೃದ್ಧಿ ಸೂಚ್ಯಂಕ. ಇದಕ್ಕೂ ಮುನ್ನ, 1979ರಲ್ಲಿ, ಮಾರಿಸ್ ಡೇವಿಡ್ ಮಾರಿಸ್ ಎಂಬವರು ಶಿಶು ಮರಣ, ಸಾಕ್ಷರತೆ, ಆಯಸ್ಸುಗಳನ್ನು ಸೇರಿಸಿ ಇಂಥದೇ ಒಂದು ಸೂಚ್ಯಂಕವನ್ನು ಮಾಡಿದ್ದರು. ಅದರಲ್ಲಿ ವರಮಾನವೇ ಇರಲಿಲ್ಲ. ಹಕ್ ಅವರು ವರಮಾನವನ್ನು ಬಿಡಲಿಲ್ಲ, ಆದರೆ ಅದಕ್ಕೆ ಲಾಗರಿತಮ್ ಹಚ್ಚಿದರು. ಲಾಗ್ ಪಟ್ಟಿಯನ್ನು ಶಪಿಸುತ್ತಿದ್ದವರು ಈಗಲಾದರೂ ಅದರ ಉಪಯೋಗ ನೋಡಿ: ಬಡವನ ಕೈಗೆ ಬಂದ ಸಾವಿರ ರೂಪಾಯಿ ಅಳತೆಯನ್ನು ಬಹಳ ಏರಿಸುತ್ತದೆ, ಸಿರಿವಂತನ ಕೈಗೆ ಬಂದ ಅದೇ ಸಾವಿರ ಅತ್ಯಲ್ಪ.

ನಮ್ಮ ನಾಡಿಗೆ ಬರೋಣ. 1995ರಲ್ಲಿ ಮಧ್ಯಪ್ರದೇಶ ರಾಜ್ಯಮಟ್ಟದ ಮಾನವ ಅಭಿವೃದ್ಧಿ ವರದಿಯನ್ನು ತಂದಿತು. 1999ರಲ್ಲಿ ಕರ್ನಾಟಕ ತಂದಿತು. 2005ರಲ್ಲಿ ಪ್ರಕಟವಾದ ನಮ್ಮ ಎರಡನೆಯ ವರದಿಯ ಪ್ರಕಾರ 2001ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಸೂಚ್ಯಂಕ 0.753, ರಾಯಚೂರಿನದು 0.547. ಈ ರಾಯಚೂರು ಎಂಥ ಜಿಲ್ಲೆ? ಹಟ್ಟಿಯ ಚಿನ್ನ ಅಲ್ಲಿಯದು. ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ವಿದ್ಯುತ್ತು ರಾಜ್ಯವನ್ನೆಲ್ಲ ಬೆಳಗಿತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಸಿಂಧನೂರು, ಮಾನ್ವಿಗಳು ಬೆಳೆದ ಅಕ್ಕಿಯನ್ನು ನಾವೆಲ್ಲರೂ ಉಂಡಿದ್ದೇವೆ. ಚಿನ್ನ, ಬೆಳಕು, ಅನ್ನ ಮೂರನ್ನೂ ಕೊಟ್ಟ ಜಿಲ್ಲೆ ಪಟ್ಟಿಯ ಕಟ್ಟಕಡೆಯಲ್ಲಿ ನಿಂತಿತ್ತು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇಕಡ 88ನ್ನು ದಾಟಿದ್ದರೆ ಪಕ್ಕದ ಯಾದಗಿರಿಯದು 52ಕ್ಕೂ ಮುಟ್ಟಿರಲಿಲ್ಲ. ಪಕ್ಕದ ಎಂದರೆ ರಾಯಚೂರಿನ ಪಕ್ಕದ.

ಜಿಲ್ಲೆಯ ಸರಾಸರಿಯೂ ಮರೆಮಾಚುತ್ತದೆ ಎಂಬುದನ್ನು ಅರಿತಿದ್ದವರು ಡಾ. ಡಿ.ಎಂ. ನಂಜುಂಡಪ್ಪ. ಅವರ ಸಮಿತಿ 35 ಸೂಚಕಗಳನ್ನು ಇಟ್ಟುಕೊಂಡು ಅಂದಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು 2002ರಲ್ಲಿ ವರದಿ ನೀಡಿತು. 114 ತಾಲ್ಲೂಕುಗಳು ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಈ 39ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ರಾಜಧಾನಿಯು ಮಾಹಿತಿ ತಂತ್ರಜ್ಞಾನದಿಂದ ಜಗತ್ತಿಗೇ ಹೆಸರಾಗುತ್ತಿದ್ದ ವರ್ಷಗಳ ವರದಿಯಿದು. ಅನುದಾನ, ಮಂಡಳಿ, 2013ರಲ್ಲಿ ಜಾರಿಗೆ ಬಂದ 371ಜೆ ವಿಧಿ, ಇವೆಲ್ಲ ಆ ದಾರಿಯಲ್ಲೇ ಬಂದವು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸದಾಗಿ ಅಳೆಯಲು ಮತ್ತೊಂದು ಸಮಿತಿಯನ್ನು ನೇಮಿಸಬೇಕಾಯಿತು.

ಆ 114ರ ಪಟ್ಟಿಯಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕೂ ಇತ್ತು. ವರಮಾನ ಅಳೆದ ರಾವ್ ಅವರು ಪ್ರತಿನಿಧಿಸಿದ್ದ ಬಳ್ಳಾರಿಯೇ, ಧಾತು-ಈಶ್ವರದಲ್ಲಿ ಬೆಂದ ಬಳ್ಳಾರಿಯೇ. ವರದಿ ಬಂದ ಕೆಲವೇ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿತು. ಸಂಡೂರು, ಹೊಸಪೇಟೆಗಳ ರಸ್ತೆಗಳಲ್ಲಿ ಹಗಲಿರುಳು ಅದಿರಿನ ಲಾರಿಗಳು. ಎಲೆ, ಬೇಲಿ, ಬೆಳೆಗಳ ಮೇಲೆಲ್ಲ ಕೆಂಧೂಳು. ಬಳ್ಳಾರಿಯಲ್ಲಿ ಹಣ ಹರಿಯುತ್ತಿದೆ ಎಂಬುದು ಎಲ್ಲರ ಬಾಯಲ್ಲಿತ್ತು. ಲೆಕ್ಕದ ಪ್ರಕಾರ ಅದು ಬೆಳವಣಿಗೆಯೇ ಸರಿ. ಗಣಿಗಾರಿಕೆಯ ಖಾತೆಯಲ್ಲಿ ಸಾಗಿದ ಟನ್ನುಗಳಿಗೆ ಬೆಲೆ ಕಟ್ಟಿ ಬರೆದುಕೊಂಡರಾಯಿತು. ನಿವೃತ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈನಲ್ಲಿ ಬಂದು, ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಗಿದೆ ಎಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು.

ಲೆಕ್ಕಶಾಸ್ತ್ರದ ಒಂದು ದೊಡ್ಡ ಲೋಪ ಇಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಕಾರ್ಖಾನೆಯ ಯಂತ್ರ ಸವೆದರೆ ಸವಕಳಿಯೆಂದು ನಿವ್ವಳ ವರಮಾನದಿಂದ ಕಳೆಯುತ್ತಾರೆ. ಬೆಟ್ಟವೇ ಕರಗಿ ಹಡಗು ಹತ್ತಿದರೆ ಕಳೆಯುತ್ತಿರಲಿಲ್ಲ; ಬಂದ ಬೆಲೆಯೆಲ್ಲ ವರಮಾನ. ಮನೆಯ ತೊಲೆಯನ್ನು ಕಿತ್ತು ಮಾರಿದವನು ಈ ತಿಂಗಳು ಸಂಪಾದನೆ ಚೆನ್ನಾಗಿದೆ ಎಂದಂತೆ. ಈ ಭಾಗದ ಪುನಶ್ಚೇತನಕ್ಕೆಂದು ನ್ಯಾಯಾಲಯದ ಆದೇಶದಂತೆ ಕೂಡಿಟ್ಟ ಸಾವಿರಾರು ಕೋಟಿ ರೂಪಾಯಿಗಳನ್ನು ಶಾಲೆ, ಆಸ್ಪತ್ರೆ, ಕುಡಿಯುವ ನೀರು, ರಸ್ತೆಗಳಿಗೆ ಖರ್ಚು ಮಾಡಲು ರಾಜ್ಯ ಸರ್ಕಾರ ಒಂದು ನಿಗಮವನ್ನು ರಚಿಸಿದೆ. ಆ ಹಣ ಸಂಡೂರಿನ ಹಳ್ಳಿಯ ಮಗುವಿನ ತೂಕವನ್ನೂ ಓದನ್ನೂ ಎಷ್ಟು ಹೆಚ್ಚಿಸಿತು ಎಂಬುದನ್ನು ಅಳೆಯುವ ಕೆಲಸ ಮುಂದಿನ ಸಮಿತಿಗಳದ್ದು.

ಜಗತ್ತಿನ ದೇಶಗಳು ರಾಷ್ಟ್ರೀಯ ಲೆಕ್ಕಗಳಿಗೆ ಅನುಸರಿಸುವ ನಿಯಮಾವಳಿಯನ್ನು ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗ 2025ರ ಮಾರ್ಚಿನಲ್ಲಿ ಪರಿಷ್ಕರಿಸಿತು. ನೆಲದಡಿಯ ಸಂಪತ್ತು ಕರಗುವುದನ್ನು ಇನ್ನು ಮುಂದೆ ಉತ್ಪಾದನೆಯ ವೆಚ್ಚವೆಂದೇ ಪರಿಗಣಿಸಿ ನಿವ್ವಳ ಉತ್ಪನ್ನದಲ್ಲಿ ಕಳೆಯಬೇಕೆಂದು ಅದರಲ್ಲಿದೆ. ದೇಶಗಳು ಅದನ್ನು ತಂತಮ್ಮ ಪುಸ್ತಕಗಳಿಗೆ ಅಳವಡಿಸಿಕೊಳ್ಳಲು ಇನ್ನೂ ಕೆಲವು ವರ್ಷಗಳು ಬೇಕು. ಒಟ್ಟು ಉತ್ಪನ್ನದ ಅಂಕಿ, ಅಂದರೆ ಪತ್ರಿಕೆಗಳ ಮುಖಪುಟದ ಜಿಡಿಪಿ, ಹಾಗೆಯೇ ಉಳಿಯುತ್ತದೆ. ಮುದ್ದೆ ತೊಳಸಿದವಳ ದುಡಿಮೆಯನ್ನು ಮುಖ್ಯ ಲೆಕ್ಕದ ಹೊರಗೇ ಇಟ್ಟಿದ್ದಾರೆ.